ಶಿಶುಪೋಷಣೆಯಲ್ಲಿ ಸರ್ಕಾರಿ ಇಲಾಖೆಗಳ ಸಹಯೋಗ: ಗೋಕುಲಂ ಬಡಾವಣೆಯ ನೆರೆಯಿಂದ ಒಂದು ವಿವೇಚನೆ

೧. ವಿಷಯ ಪ್ರವೇಶ

ಮೈಸೂರು ನಗರದ ಗೋಕುಲಂ ಬಡಾವಣೆಯ ಹೆಸರು ಈಚಿನ ವರ್ಷಗಳಲ್ಲಿ ಯೋಗಾಭ್ಯಾಸದ ನೆಲೆಯೆಂದು ವಿದೇಶಗಳಲ್ಲಿಯೂ ಪ್ರಸಿದ್ಧವಾಗಿದೆ. ಪ್ರಕೃತ ಲೇಖನದಲ್ಲಿ ನಾವು ಆ ಬಡಾವಣೆಯನ್ನು ನೆನೆಯುವುದು ಬೇರೆ ಎರಡು ಕಾರಣಗಳಿಂದ.

ಮೊದಲನೆಯದು: ಗೋಕುಲಂಗೆ ಸಮೀಪದಲ್ಲಿ, ಚೆಲುವಾಂಬ ಅರಮನೆಯಲ್ಲಿ, ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿದೆ. ಬಡವರ ಮಕ್ಕಳಿಗೆ ಅಗ್ಗದ ಬೆಲೆಯಲ್ಲಿ ಸಸಾರಜನಕವನ್ನು ಒದಗಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಆ ಸಂಸ್ಥೆಯ ವಿಜ್ಞಾನಿಗಳು ಪ್ರಾರಂಭದ ವರ್ಷಗಳಲ್ಲಿಯೇ ಕೈಗೆತ್ತಿಕೊಂಡರು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಕೂಡಿಸಿ, ಅದಕ್ಕೆ ಜೀವಸತ್ವಗಳನ್ನೂ ಸುಣ್ಣದ ಅಂಶವನ್ನೂ ಬೆರೆಸಿದ ವಿವಿಧೋದ್ದೇಶ ಆಹಾರವು ಅಲ್ಲಿ ರೂಪುಗೊಂಡಿತು. ಗೋಧಿ, ಕಡಲೆಕಾಯಿ, ಕಡಲೆಗಳ ಮಿಶ್ರಣವಾದ ‘ಬಾಲಾಹಾರ’ವು ಅದೇ ಮಾರ್ಗದಲ್ಲಿ ಬಂದದ್ದು. ಮಗುವಿಗೆ ಏನನ್ನು ಉಣಿಸಬೇಕು ಎಂಬುದಕ್ಕೆ ಉತ್ತರವು ಹೀಗೆ ಅರ್ಧ ಶತಮಾನಕ್ಕೂ ಹಿಂದೆಯೇ ದೊರೆತಿದ್ದಿತು.

ಎರಡನೆಯ ಕಾರಣ ಬೇರೆ ಬಗೆಯದು. ಗೋಕುಲಂ, ಜಯಲಕ್ಷ್ಮೀಪುರಂ ಮೊದಲಾದ ಬಡಾವಣೆಗಳ ಮನೆಗಳಲ್ಲಿ ಪಾತ್ರೆ ತೊಳೆಯಲು, ಕಸ ಗುಡಿಸಲು, ಅಡಿಗೆ ಮಾಡಲು ಬೆಳಗಿನ ಆರೇಳು ಗಂಟೆಗೇ ಸುತ್ತಲ ಕೇರಿಗಳಿಂದ ಹೆಂಗಸರು ಬರುತ್ತಾರೆ. ಒಬ್ಬೊಬ್ಬರು ಮೂರು ನಾಲ್ಕು ಮನೆಗಳ ಕೆಲಸವನ್ನು ಹಚ್ಚಿಕೊಂಡಿರುವುದು ಸಾಮಾನ್ಯ. ಎರಡು ವರ್ಷದ ಕೂಸುಳ್ಳ ತಾಯಿಯೊಬ್ಬಳು ಆ ಹೊತ್ತಿನಲ್ಲಿ ತನ್ನ ಮಗುವನ್ನು ಯಾರ ಕೈಗೆ ಒಪ್ಪಿಸಿ ಬರಬೇಕು? ಅಜ್ಜಿಯಿದ್ದರೆ ಅಜ್ಜಿಯ ಕೈಗೆ. ಇಲ್ಲವಾದರೆ ಶಾಲೆಗೆ ಹೋಗಬೇಕಾದ ಅಕ್ಕನ ಕೈಗೆ. ಸರ್ಕಾರದ ಯಾವ ಇಲಾಖೆಯೂ ಈ ಪ್ರಶ್ನೆ ತನ್ನದೆಂದು ಪೂರ್ಣವಾಗಿ ಒಪ್ಪಿಕೊಂಡಿಲ್ಲ.

ಆಹಾರವು ಯಾವುದೆಂದು ತಿಳಿದಿದ್ದರೂ ಅದು ಮಗುವಿನ ಬಾಯಿಗೆ ತಲಪುವ ದಾರಿ ಏಕೆ ಇಷ್ಟು ಕಠಿನವಾಯಿತು, ಹಲವು ಇಲಾಖೆಗಳು ಕೂಡಿ ನಡೆಸಬೇಕಾದ ಕಾರ್ಯದಲ್ಲಿ ಕೀಲುಗಳು ಎಲ್ಲಿ ಸಡಿಲವಾಗಿವೆ ಎಂಬುದನ್ನು ಸ್ಥೂಲವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

೨. ಚದರಿದ ಪ್ರಯತ್ನಗಳು

ಸ್ವಾತಂತ್ರ್ಯಾನಂತರದ ಮೊದಲ ಎರಡು ದಶಕಗಳಲ್ಲಿ ಶಿಶುಕಲ್ಯಾಣ ಕಾರ್ಯಗಳಿಗೆ ಕೊರತೆಯಿರಲಿಲ್ಲ. ಅವುಗಳೊಳಗೆ ಹೊಂದಾಣಿಕೆಯ ಕೊರತೆಯಿದ್ದಿತು. ೧೯೫೨ರಲ್ಲಿ ಆರಂಭವಾದ ಸಮುದಾಯಾಭಿವೃದ್ಧಿ ಯೋಜನೆಯು ಗ್ರಾಮಸೇವಿಕೆಯರನ್ನು ಹಳ್ಳಿಗಳಿಗೆ ಕಳುಹಿಸಿತು. ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ೧೯೫೩ರಲ್ಲಿ ಸ್ಥಾಪಿತವಾದ ಕೇಂದ್ರ ಸಮಾಜ ಕಲ್ಯಾಣ ಮಂಡಲಿಯು ಸ್ವಯಂಸೇವಾ ಸಂಸ್ಥೆಗಳ ಬಾಲವಾಡಿಗಳಿಗೆ ಧನಸಹಾಯ ನೀಡಿತು. ೧೯೭೦-೭೧ರಲ್ಲಿ ವಿಶೇಷ ಪೌಷ್ಟಿಕಾಹಾರ ಕಾರ್ಯಕ್ರಮವೂ ಬಾಲವಾಡಿ ಪೌಷ್ಟಿಕಾಹಾರ ಕಾರ್ಯಕ್ರಮವೂ ಹುಟ್ಟಿಕೊಂಡವು. ಚುಚ್ಚುಮದ್ದು ಆರೋಗ್ಯ ಇಲಾಖೆಯ ಕೈಯಲ್ಲಿ, ಅಕ್ಷರಾಭ್ಯಾಸ ಶಿಕ್ಷಣ ಇಲಾಖೆಯ ಕೈಯಲ್ಲಿ, ಹಾಲುಹಿಟ್ಟು ಸಮಾಜ ಕಲ್ಯಾಣ ಇಲಾಖೆಯ ಕೈಯಲ್ಲಿ ಉಳಿದವು.

ಇದರ ಫಲವೇನಾಯಿತೆಂಬುದನ್ನು ಶರೀರಶಾಸ್ತ್ರದ ಒಂದು ಸರಳ ನಿಯಮದಿಂದ ತಿಳಿಯಬಹುದು. ಭೇದಿಯಿಂದ ನರಳುತ್ತಿರುವ ಮಗುವಿಗೆ ಉಣಿಸಿದ ಆಹಾರ ಮೈಗೆ ಹತ್ತುವುದಿಲ್ಲ. ಹೊಟ್ಟೆಗೆ ಸಾಲದ ಮಗುವಿಗೆ ರೋಗ ಪದೇ ಪದೇ ತಗಲುತ್ತದೆ. ಹಸಿವು ರೋಗವನ್ನೂ ರೋಗವು ಹಸಿವನ್ನೂ ಬೆಳೆಸುತ್ತವೆ. ಆದ್ದರಿಂದ ಒಂದು ಊರಿನ ಮಕ್ಕಳಿಗೆ ಆಹಾರವನ್ನೂ ಇನ್ನೊಂದು ಊರಿನ ಮಕ್ಕಳಿಗೆ ಔಷಧವನ್ನೂ ಕೊಟ್ಟರೆ ಎರಡು ವೆಚ್ಚಗಳೂ ಬಹುಮಟ್ಟಿಗೆ ವ್ಯರ್ಥ. ಅದೇ ಮಗುವಿಗೆ, ಅದೇ ಕಾಲದಲ್ಲಿ, ಎರಡೂ ದೊರೆಯಬೇಕು. ಇಲಾಖೆಗಳ ಸಹಯೋಗವು ಇಲ್ಲಿ ಕೇವಲ ಆಡಳಿತದ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ಅದು ಮಗುವಿನ ದೇಹಧರ್ಮದಿಂದಲೇ ಹುಟ್ಟುವ ಅವಶ್ಯಕತೆ.

ಈ ವಿಚಾರವು ಯೋಜನಾ ಆಯೋಗವು ೧೯೭೦ರ ದಶಕದ ಆರಂಭದಲ್ಲಿ ನೇಮಿಸಿದ ಅಂತರ ಮಂತ್ರಾಲಯ ತಂಡಗಳ ಅಧ್ಯಯನದಿಂದ ಸ್ಪಷ್ಟವಾಯಿತು. ೧೯೭೪ರ ಆಗಸ್ಟಿನಲ್ಲಿ ರಾಷ್ಟ್ರೀಯ ಶಿಶುನೀತಿಯು ಅಂಗೀಕೃತವಾಗಿ, ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕ್ಷೇತ್ರಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದ ಮೊದಲ ಕ್ಷೇತ್ರ ಮೈಸೂರು ಜಿಲ್ಲೆಯದೇ ಆದ ತಿರುಮಕೂಡಲು ನರಸೀಪುರ. ಕಾವೇರಿ ಕಪಿಲೆಗಳ ಸಂಗಮದ ಆ ತಾಲ್ಲೂಕಿನಲ್ಲಿ ಅಂದು ೧೦೦ ಅಂಗನವಾಡಿಗಳು ತೆರೆದವು. ಇಂದು ರಾಜ್ಯದಲ್ಲಿ ಅವುಗಳ ಸಂಖ್ಯೆ ೬೫,೦೦೦ಕ್ಕೂ ಹೆಚ್ಚು. ಆದರೆ ಮೊದಲ ೩೩ ಕ್ಷೇತ್ರಗಳಲ್ಲಿ ನಗರ ಪ್ರದೇಶದವು ನಾಲ್ಕು ಮಾತ್ರ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಯೋಜನೆಯ ಅಚ್ಚು ಮೂಲತಃ ಹಳ್ಳಿಯ ಅಚ್ಚು.

೩. ಆರು ಸೇವೆಗಳು, ಹಲವು ಒಡೆಯರು

ಯೋಜನೆಯ ಸೇವೆಗಳು ಆರು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಅವಶ್ಯವಿರುವವರನ್ನು ಮೇಲಿನ ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ಆಹಾರ ಆರೋಗ್ಯಗಳ ತಿಳಿವಳಿಕೆ, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಇವುಗಳಲ್ಲಿ ಎರಡು, ಮೂರು, ನಾಲ್ಕನೆಯ ಸೇವೆಗಳನ್ನು ನಡೆಸಬೇಕಾದುದು ಆರೋಗ್ಯ ಇಲಾಖೆ. ಉಳಿದವನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. ಅಂದರೆ, ಅಂಗನವಾಡಿಯು ಒಂದು ಇಲಾಖೆಯ ಮನೆಯಾದರೂ ಅದರ ಅರ್ಧ ಸಂಸಾರ ಇನ್ನೊಂದು ಇಲಾಖೆಯದು.

ಹಣದ ವಿಷಯವೂ ಹೀಗೆಯೇ. ಪೂರಕ ಆಹಾರದ ವೆಚ್ಚವನ್ನು ಕೇಂದ್ರವೂ ರಾಜ್ಯವೂ ಸರಿಪಾಲಾಗಿ ಹೊರುತ್ತವೆ; ಇತರ ಬಾಬುಗಳಲ್ಲಿ ಕೇಂದ್ರದ ಪಾಲು ನೂರಕ್ಕೆ ೬೦, ರಾಜ್ಯದ್ದು ೪೦. ೨೦೧೩ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲಿನ ಪುಡಿ ಹಾಲು ಮಹಾಮಂಡಲಿಯಿಂದ ಬರಬೇಕು. ೨೦೧೭ರ ಅಕ್ಟೋಬರ್ ೨ರಂದು ಜಾರಿಗೆ ಬಂದ ಮಾತೃಪೂರ್ಣ ಯೋಜನೆಯಂತೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿಯೇ ಬಿಸಿಯೂಟ ಬಡಿಸಬೇಕು. ಸಾಮಗ್ರಿಯ ಮೇಲ್ವಿಚಾರಣೆಗೆ ಊರಿನ ತಾಯಂದಿರನ್ನೊಳಗೊಂಡ ಬಾಲವಿಕಾಸ ಸಮಿತಿಯಿದೆ. ನೀರು, ಕಕ್ಕಸು, ಕಟ್ಟಡಗಳು ಪಂಚಾಯತಿಯ ಅಥವಾ ನಗರಪಾಲಿಕೆಯ ಪಾಲು.

ಈ ಹಂಚಿಕೆಯನ್ನು ಒಂದು ಮಗುವಿನ ಜೀವನಕ್ರಮದಲ್ಲಿಟ್ಟು ನೋಡೋಣ. ತಾಯಿ ಗರ್ಭಿಣಿಯಾದೊಡನೆ ಆಶಾ ಕಾರ್ಯಕರ್ತೆಯು ಅವಳ ಹೆಸರನ್ನು ಬರೆದುಕೊಂಡು ತಾಯಿ ಕಾರ್ಡು ಕೊಡಿಸುತ್ತಾಳೆ. ಅದು ಆರೋಗ್ಯ ಇಲಾಖೆಯ ಲೆಕ್ಕ. ಅದೇ ಹೆಸರು ಬಿಸಿಯೂಟಕ್ಕಾಗಿ ಅಂಗನವಾಡಿಯ ಪುಸ್ತಕದಲ್ಲಿ ಮತ್ತೊಮ್ಮೆ ಬರುತ್ತದೆ. ಹುಟ್ಟಿದ ಮಗುವಿನ ಜನನ ನೋಂದಣಿ ಪಾಲಿಕೆಯಲ್ಲಿ ಆಗುತ್ತದೆ. ಚುಚ್ಚುಮದ್ದು ಹಾಕುವವಳು ಆರೋಗ್ಯ ಸಹಾಯಕಿ. ತಕ್ಕಡಿಯಲ್ಲಿ ತೂಗಿ ತೂಕದ ಗೆರೆಯನ್ನು ಗುರುತಿಸುವವಳು ಅಂಗನವಾಡಿ ಕಾರ್ಯಕರ್ತೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದಂತೆ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ವೈದ್ಯರ ತಂಡದ್ದು ಬೇರೊಂದು ಪುಸ್ತಕ. ಆರು ವರ್ಷ ತುಂಬಿದಾಗ ಮಗು ಶಿಕ್ಷಣ ಇಲಾಖೆಗೆ ಸೇರುತ್ತದೆ. ಅಲ್ಲಿ ಎಲ್ಲವೂ ಮೊದಲಿನಿಂದ.

ಇಷ್ಟು ಕೈಗಳ ನಡುವೆ ಏನು ಜಾರಿಹೋಗುತ್ತದೆಂಬುದಕ್ಕೆ ಮೈಸೂರಿನದೇ ನಿದರ್ಶನವನ್ನು ತೆಗೆದುಕೊಳ್ಳಬಹುದು. ಸದ್ದಿಗೆ ತಿರುಗಿ ನೋಡದ ಎರಡು ವರ್ಷದ ಮಗುವೊಂದಿದೆ ಎನ್ನೋಣ. ಅದರ ಶ್ರವಣದೋಷವನ್ನು ಪರೀಕ್ಷಿಸಿ ಚಿಕಿತ್ಸೆ ನೀಡಬಲ್ಲ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ೧೯೬೦ರ ದಶಕದಿಂದಲೂ ಮಾನಸಗಂಗೋತ್ರಿಯಲ್ಲಿದೆ. ಗೋಕುಲಂನಿಂದ ಅದು ದೂರವೇನೂ ಅಲ್ಲ. ಆದರೆ ಮಗು ಅಲ್ಲಿಗೆ ತಲಪಬೇಕಾದರೆ ಕಾರ್ಯಕರ್ತೆಯು ಲಕ್ಷಣವನ್ನು ಗುರುತಿಸಬೇಕು, ವೈದ್ಯರ ತಂಡವು ಚೀಟಿ ಬರೆಯಬೇಕು, ತಾಯಿಯು ಒಂದು ದಿನದ ಕೂಲಿಯನ್ನು ಬಿಡಬೇಕು, ಹೋಗಿ ಬಂದಳೋ ಇಲ್ಲವೋ ಎಂಬುದನ್ನು ಯಾರಾದರೂ ವಿಚಾರಿಸಬೇಕು. ಮೊದಲ ಎರಡು ಕೆಲಸಗಳಿಗೆ ಇಲಾಖೆಗಳಿವೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಒಡೆಯರಿಲ್ಲ. ಮಾತು ಕಲಿಯುವ ವಯಸ್ಸು ಕಾಯುವುದಿಲ್ಲವಾದ್ದರಿಂದ ಈ ವಿಳಂಬವನ್ನು ಮುಂದೆ ಯಾವ ಶಾಲೆಯೂ ಪೂರ್ಣವಾಗಿ ತುಂಬಿಕೊಡಲಾರದು.

೪. ಸಡಿಲವಾದ ಕೀಲುಗಳು

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದಲ್ಲಿ ೨೦೧೯-೨೦ರಲ್ಲಿ ನಡೆಯಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ನೂರಕ್ಕೆ ೩೫.೪. ಅದಕ್ಕೆ ಹಿಂದಿನ, ೨೦೧೫-೧೬ರ ಸಮೀಕ್ಷೆಯಲ್ಲಿ ಈ ಸಂಖ್ಯೆ ೩೬.೨ ಆಗಿದ್ದಿತು, ಇಳಿಕೆ ಅತ್ಯಲ್ಪ. ರಕ್ತಹೀನತೆಯಾದರೋ ೬೦.೯ರಿಂದ ೬೫.೫ಕ್ಕೆ ಏರಿತು. ರಕ್ತಹೀನತೆಯನ್ನು ತಡೆಯಲು ಕಬ್ಬಿಣದ ಔಷಧ ಬೇಕು, ಹೊಟ್ಟೆಹುಳುವಿನ ಮಾತ್ರೆ ಬೇಕು, ಸೊಪ್ಪು ಮೊಟ್ಟೆಗಳು ಬೇಕು, ಶುಚಿಯಾದ ನೀರೂ ಕಕ್ಕಸೂ ಬೇಕು. ಒಂದೊಂದಕ್ಕೂ ಒಬ್ಬೊಬ್ಬ ಅಧಿಕಾರಿ ಹೊಣೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮುಗಿಸಿದರೂ ಅವು ಒಂದೇ ಮಗುವಿನಲ್ಲಿ ಕೂಡದಿದ್ದರೆ ರಕ್ತ ಹೆಚ್ಚುವುದಿಲ್ಲ.

ನಮ್ಮ ದೃಷ್ಟಿಯಲ್ಲಿ ಸಹಯೋಗವು ಸಡಿಲವಾಗಿರುವುದು ಮುಖ್ಯವಾಗಿ ಮೂರು ಕಡೆ.

ಮೊದಲನೆಯದು ಪುಸ್ತಕ. ಆಯಾ ಇಲಾಖೆ ತನ್ನ ಲೆಕ್ಕವನ್ನು ತಾನು ಇಡುತ್ತದೆ. ೨೦೧೮ರ ಪೋಷಣ್ ಅಭಿಯಾನದ ಅನಂತರ ಕಾಗದದ ಪುಸ್ತಕಗಳೊಡನೆ ದೂರವಾಣಿಯ ಲೆಕ್ಕವೂ ಕೂಡಿಕೊಂಡಿತು. ಕಾರ್ಯಕರ್ತೆಯ ದಿನದಲ್ಲಿ ಬರೆವಣಿಗೆ ಬೆಳೆದಷ್ಟೂ ಮಕ್ಕಳೊಡನೆ ಕುಳಿತು ಹಾಡು ಕಥೆಗಳಲ್ಲಿ ತೊಡಗುವ ವೇಳೆ ಕುಗ್ಗುವುದು ಸಹಜ.

ಎರಡನೆಯದು ವಯಸ್ಸಿನ ಗಡಿ. ಮೂರರಿಂದ ಆರು ವರ್ಷದ ಮಗು ಯಾರದು? ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ವಯಸ್ಸಿನ ಶಿಕ್ಷಣವನ್ನು ಶಿಕ್ಷಣ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಆರೋಗ್ಯ, ಬುಡಕಟ್ಟು ವ್ಯವಹಾರಗಳ ಮಂತ್ರಾಲಯಗಳು ಜಂಟಿಯಾಗಿ ನಡೆಸಬೇಕೆಂದೂ ಅದಕ್ಕೊಂದು ವಿಶೇಷ ಕಾರ್ಯಪಡೆ ಇರಬೇಕೆಂದೂ ಹೇಳಿತು. ಆದರೆ ೨೦೨೪ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿಗಳನ್ನು ತೆರೆಯುವ ಕ್ರಮ ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಪ್ರತಿಭಟಿಸಿದರು. ಮಕ್ಕಳು ಶಾಲೆಗೆ ಹೊರಟುಹೋದರೆ ಅಂಗನವಾಡಿಯು ಬರಿದಾಗುವುದೆಂಬುದು ಅವರ ಆತಂಕ. ಅನಂತರ ಅದೇ ವರ್ಷದ ಜುಲೈಯಲ್ಲಿ ಬೆಂಗಳೂರಿನ ಆಯ್ದ ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸೊರಿ ಎಂಬ ಹೆಸರಿನಿಂದ ತರಗತಿಗಳು ಆರಂಭವಾದವು. ಇಂಗ್ಲಿಷ್ ಕಲಿಕೆಯ ಆಸೆಯಿಂದ ಖಾಸಗಿ ಶಾಲೆಗಳತ್ತ ಹೋಗುವ ಪೋಷಕರನ್ನು ತಡೆಯುವ ಎರಡು ಇಲಾಖೆಗಳ ಇಚ್ಛೆಯೂ ಒಂದೇ. ಆದರೂ ಅವು ಒಂದೇ ಮಗುವಿಗಾಗಿ ಎರಡು ಬಾಗಿಲುಗಳನ್ನು ತೆರೆಯುವಂತಾಯಿತು. ಶಾಲೆಗೆ ಹೋದ ಮಗುವಿಗೆ ಪಾಠ ದೊರೆತರೂ ತೂಕ ನೋಡುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ.

ಮೂರನೆಯದು ಹೊತ್ತು. ಅಂಗನವಾಡಿಯ ವೇಳೆ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕು ಗಂಟೆ. ಗೋಕುಲಂಗೆ ದುಡಿಯಲು ಬರುವ ತಾಯಿಯ ದಿನ ಅದಕ್ಕೆ ಮೂರು ಗಂಟೆ ಮೊದಲೇ ಆರಂಭವಾಗಿರುತ್ತದೆ. ಅಲ್ಲದೆ ಮೂರು ವರ್ಷದೊಳಗಿನ ಕೂಸಿಗೆ ಅಂಗನವಾಡಿಯಲ್ಲಿ ಆಹಾರದ ಪಾಲಿದೆಯೇ ಹೊರತು ದಿನವಿಡೀ ಇರುವ ಏರ್ಪಾಡಿಲ್ಲ.

೫. ಗೋಕುಲಂನ ಪ್ರಶ್ನೆ

ದುಡಿಯುವ ತಾಯಂದಿರ ಕೂಸುಗಳನ್ನು ಶಾಸನವು ಮರೆತಿಲ್ಲ. ಆದರೆ ಅದು ಯಾವಾಗಲೂ ಒಬ್ಬ ಮಾಲಿಕನನ್ನು ಹುಡುಕಿಕೊಂಡು ಹೋಗಿದೆ. ೧೯೪೮ರ ಕಾರ್ಖಾನೆ ಕಾಯಿದೆ, ೧೯೫೧ರ ತೋಟ ಕಾರ್ಮಿಕರ ಕಾಯಿದೆ, ೧೯೬೬ರ ಬೀಡಿ ಕಾರ್ಮಿಕರ ಕಾಯಿದೆ, ೧೯೯೬ರ ಕಟ್ಟಡ ಕಾರ್ಮಿಕರ ಕಾಯಿದೆ, ಇವೆಲ್ಲ ಇಷ್ಟು ಮಂದಿ ಹೆಂಗಸರು ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದು ವಿಧಿಸಿದವು. ೨೦೧೭ರ ಹೆರಿಗೆ ಸೌಲಭ್ಯ ತಿದ್ದುಪಡಿಯು ೫೦ ನೌಕರರಿರುವ ಸಂಸ್ಥೆಗಳಿಗೆ ಅದೇ ಹೊಣೆಯನ್ನು ಹೊರಿಸಿತು. ಈಚಿನ ಕಾರ್ಮಿಕ ಸಂಹಿತೆಯಲ್ಲಿಯೂ ಈ ಎಣಿಕೆಯ ಕ್ರಮವೇ ಮುಂದುವರಿದಿದೆ. ನಾಲ್ಕು ಮನೆಗಳಲ್ಲಿ ದುಡಿಯುವವಳಿಗೆ ಮಾಲಿಕರು ನಾಲ್ವರು. ಪ್ರತಿ ಮನೆಯಲ್ಲಿಯೂ ಕೆಲಸದವಳು ಒಬ್ಬಳೇ. ಯಾವ ಎಣಿಕೆಯಲ್ಲಿಯೂ ಅವಳು ಐವತ್ತಾಗಲಾರಳು. ಕರ್ನಾಟಕವು ೨೦೦೪ರಷ್ಟು ಹಿಂದೆಯೇ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಗೊತ್ತುಮಾಡಿದ್ದು ಶ್ಲಾಘ್ಯ. ಅವಳ ಕೂಲಿಯನ್ನು ಕಂಡ ಶಾಸನಕ್ಕೆ ಅವಳ ಕೂಸು ಇನ್ನೂ ಕಾಣಬೇಕಾಗಿದೆ.

ಹಳ್ಳಿಯಲ್ಲಿ ಈ ಕೊರತೆಯನ್ನು ತುಂಬಲು ಒಂದು ಹೆಜ್ಜೆ ಇಡಲಾಗಿದೆ. ೨೦೨೩-೨೪ರ ರಾಜ್ಯ ಆಯವ್ಯಯದಲ್ಲಿ ೪,೦೦೦ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಘೋಷಿತವಾಯಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ಹೆಂಗಸರ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವುದು ಇವುಗಳ ಕೆಲಸ. ಗ್ರಾಮೀಣಾಭಿವೃದ್ಧಿ ಇಲಾಖೆಯು ಮುಂದಾಗಿ, ಪಂಚಾಯತಿಯು ಸ್ಥಳ ಒದಗಿಸಿ, ಊರಿನ ಹೆಂಗಸರೇ ಆರೈಕೆಗೆ ನಿಲ್ಲುವ ಈ ಏರ್ಪಾಡಿನಲ್ಲಿ ಹಣ, ಜಾಗ, ಕೆಲಸದ ಹೊತ್ತು ಮೂರೂ ಒಂದು ಕಡೆ ಕೂಡಿದವು.

ನಗರದಲ್ಲಿ ಅಂಥ ಕೂಡುವಿಕೆ ಏಕೆ ಕಠಿನ? ಕಾರಣವು ಸಂವಿಧಾನದ ಎರಡು ಅನುಸೂಚಿಗಳಲ್ಲಿಯೇ ಕಾಣುತ್ತದೆ. ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳನ್ನು ಹೇಳುವ ಹನ್ನೊಂದನೆಯ ಅನುಸೂಚಿಯ ೨೫ನೆಯ ಬಾಬು ‘ಮಹಿಳಾ ಮತ್ತು ಶಿಶು ಅಭಿವೃದ್ಧಿ’. ನಗರಸಭೆಗಳಿಗಾಗಿ ಇರುವ ಹನ್ನೆರಡನೆಯ ಅನುಸೂಚಿಯ ೧೮ ಬಾಬುಗಳಲ್ಲಿ ಆ ಹೆಸರಿನ ಬಾಬು ಇಲ್ಲ. ರಸ್ತೆ, ನೀರು, ನೈರ್ಮಲ್ಯ, ಉದ್ಯಾನ, ಸ್ಮಶಾನಗಳು ಇವೆ, ಶಿಶುವಿಲ್ಲ. ದುರ್ಬಲ ವರ್ಗಗಳ ಹಿತರಕ್ಷಣೆ ಎಂಬ ವಿಶಾಲವಾದ ಮಾತಿನ ಕೆಳಗೆ ಅದನ್ನು ತರಬಹುದಾದರೂ ಹೆಸರಿಟ್ಟು ಕರೆಯದ ಹೊಣೆಯನ್ನು ಹೊರುವವರು ಅಪರೂಪ. ನಗರದ ಅಂಗನವಾಡಿಗೆ ಬಾಡಿಗೆಯ ಕೋಣೆಯೇ ಗತಿಯಾಗುವುದಕ್ಕೂ, ಸಮೀಪದಲ್ಲಿ ಪಾಲಿಕೆಯ ಸಮುದಾಯ ಭವನ ಬೀಗ ಹಾಕಿಕೊಂಡಿದ್ದರೂ ಅದನ್ನು ಕೇಳಲು ಆಸ್ಪದವಿಲ್ಲದಿರುವುದಕ್ಕೂ ಇದೊಂದು ಕಾರಣ.

ನ್ಯಾಯಾಲಯವು ಈ ಕೊರತೆಯನ್ನು ಗಮನಿಸದೆ ಇಲ್ಲ. ಸರ್ವೋಚ್ಚ ನ್ಯಾಯಾಲಯವು ೨೦೦೬ರ ಡಿಸೆಂಬರ್ ೧೩ರ ಆದೇಶದಲ್ಲಿ, ಆರು ವರ್ಷದೊಳಗಿನ ೪೦ ಮಕ್ಕಳಿದ್ದು ಅಂಗನವಾಡಿಯಿಲ್ಲದ ಹಳ್ಳಿ ಅಥವಾ ಕೊಳೆಗೇರಿಯ ಜನರು ಕೇಳಿದರೆ ಮೂರು ತಿಂಗಳೊಳಗೆ ಅದನ್ನು ಒದಗಿಸಬೇಕೆಂದು ವಿಧಿಸಿತು. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಮಗುವಿನ ಊಟವನ್ನು ಹಕ್ಕನ್ನಾಗಿ ಮಾಡಿತು. ಆದರೆ ಕೇಳಿದವರಿಗೆ ಮಾತ್ರ ದೊರೆಯುವ ಹಕ್ಕು, ಕೇಳಲು ಬಿಡುವಿಲ್ಲದವರಿಗೆ ನಿಧಾನವಾಗಿ ತಲಪುತ್ತದೆ.

೬. ಅನ್ಯದೇಶಗಳ ಎರಡು ಮಾರ್ಗಗಳು

ಈ ತೊಡಕು ನಮ್ಮದೊಂದೇ ಅಲ್ಲ. ಸ್ವೀಡನ್ ದೇಶದಲ್ಲಿ ಶಿಶುಪಾಲನೆಯು ಸಮಾಜ ವ್ಯವಹಾರಗಳ ಮಂತ್ರಾಲಯದಲ್ಲಿದ್ದಿತು. ೧೯೯೬ರಲ್ಲಿ ಅದನ್ನು ಶಿಕ್ಷಣ ಮಂತ್ರಾಲಯಕ್ಕೆ ವರ್ಗಾಯಿಸಿ, ಒಂದು ವರ್ಷದ ಕೂಸಿನಿಂದ ಶಾಲಾ ಬಾಲಕನವರೆಗೆ ಒಂದೇ ಮನೆಯನ್ನು ಮಾಡಿಕೊಂಡರು. ಇದು ಒಂದುಗೂಡಿಸುವ ಮಾರ್ಗ. ಚಿಲಿ ದೇಶವು ೨೦೦೭ರಲ್ಲಿ ಆರಂಭಿಸಿ ೨೦೦೯ರಲ್ಲಿ ಶಾಸನಬದ್ಧಗೊಳಿಸಿದ ಯೋಜನೆಯು ಇಲಾಖೆಗಳನ್ನು ಬೇರೆಬೇರೆಯಾಗಿಯೇ ಉಳಿಸಿತು. ತಾಯಿಯ ಮೊದಲ ಗರ್ಭಪರೀಕ್ಷೆಯಲ್ಲಿಯೇ ಮಗುವನ್ನು ಯೋಜನೆಗೆ ಸೇರಿಸಿಕೊಂಡು, ಒಂದು ಮಂತ್ರಾಲಯದ ಕೈಯಲ್ಲಿ ಹಣವನ್ನಿಟ್ಟು, ಆರೋಗ್ಯ ಮೊದಲಾದ ಮಂತ್ರಾಲಯಗಳಿಗೆ ಒಪ್ಪಂದದ ಮೇಲೆ ಅದನ್ನು ಹಂಚುವುದು ಅಲ್ಲಿಯ ಕ್ರಮ. ಇದು ಕೂಡಿಸುವ ಮಾರ್ಗ.

ಆರೋಗ್ಯವೂ ಆಹಾರವೂ ಇನ್ನೂ ಮುಖ್ಯ ಸಮಸ್ಯೆಗಳಾಗಿರುವ ನಮ್ಮಲ್ಲಿ ಮಗುವನ್ನು ಪೂರ್ಣವಾಗಿ ಶಿಕ್ಷಣ ಇಲಾಖೆಗೆ ಒಪ್ಪಿಸುವುದು ಸಾಧುವಲ್ಲ. ಎರಡನೆಯ ಮಾರ್ಗವೇ ನಮಗೆ ಸಮೀಪದ್ದು. ಅದರ ತಿರುಳು ಇಷ್ಟು: ಸಹಯೋಗವು ಸುತ್ತೋಲೆಗಳಿಂದ ಹುಟ್ಟುವುದಿಲ್ಲ, ಹಣವೂ ಹೊಣೆಯೂ ಮಗುವನ್ನು ಹಿಂಬಾಲಿಸಿದಾಗ ಹುಟ್ಟುತ್ತದೆ.

೭. ಉಪಸಂಹಾರ

ವಾಸ್ತವವಾಗಿ ಇಂದು ಈ ಇಲಾಖೆಗಳನ್ನೆಲ್ಲ ಕೂಡಿಸುತ್ತಿರುವವಳು ಒಬ್ಬಳೇ: ಅಂಗನವಾಡಿ ಕಾರ್ಯಕರ್ತೆ. ವಿಧಾನಸೌಧದಲ್ಲಿ ಬೇರೆಬೇರೆ ಮಹಡಿಗಳಲ್ಲಿರುವ ಕಡತಗಳು ಅವಳ ಒಂದು ಕೋಣೆಯಲ್ಲಿ ಒಟ್ಟಾಗುತ್ತವೆ. ಆದರೂ ಅವಳು ನೌಕರಳಲ್ಲ, ಗೌರವಧನ ಪಡೆಯುವ ಸೇವಕಿ ಎಂಬ ಭಾವನೆ ೧೯೭೫ರಿಂದಲೂ ನಡೆದುಬಂದಿದೆ. ಅವಳಿಗೆ ಉಪದಾನ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದು ೨೦೨೨ರ ಏಪ್ರಿಲಿನಲ್ಲಿ. ಮೇಲಿನವರು ಹೊರದ ಹೊಣೆಯನ್ನು ಅತ್ಯಂತ ಕಡಮೆ ಸಂಭಾವನೆಯವಳ ಮೇಲೆ ಹೊರಿಸುವುದಕ್ಕೆ ಸಹಯೋಗವೆಂಬ ಹೆಸರು ಒಪ್ಪುವುದಿಲ್ಲ.

ಆದ್ದರಿಂದ ನಗರಗಳ ಮಟ್ಟಿಗೆ ನಾವು ಸೂಚಿಸುವುದು ಮೂರು ಅಂಶಗಳನ್ನು. ತಾಯಿ ಕಾರ್ಡಿನ ಸಂಖ್ಯೆಯೇ ಆಸ್ಪತ್ರೆ, ಅಂಗನವಾಡಿ, ಶಾಲೆಗಳಲ್ಲಿ ಮಗುವಿನ ಸಂಖ್ಯೆಯಾಗಿ ಮುಂದುವರಿಯಲಿ. ಪ್ರತಿ ವಾರ್ಡಿನಲ್ಲಿ ಆರು ವರ್ಷದೊಳಗಿನ ಮಕ್ಕಳೆಲ್ಲರ ಬಗ್ಗೆ ಉತ್ತರ ಹೇಳಬೇಕಾದ ಅಧಿಕಾರಿ ಒಬ್ಬರಿರಲಿ. ಪಾಲಿಕೆಯ ಕಟ್ಟಡಗಳನ್ನು ಕೇಳುವ ಅಧಿಕಾರ ಅವರಿಗಿರಲಿ. ೨೦೨೨ರಿಂದ ಕೇಂದ್ರ ಸರ್ಕಾರದ ಪಾಲನಾ ಯೋಜನೆಯು ಅಂಗನವಾಡಿಯೊಡನೆ ಶಿಶುಪಾಲನಾ ಕೇಂದ್ರವನ್ನು ಸೇರಿಸಲು ಅವಕಾಶ ಮಾಡಿಕೊಟ್ಟಿರುವುದರಿಂದ, ಮನೆಗೆಲಸದ ಹೆಂಗಸರು ಹೆಚ್ಚಾಗಿರುವ ಕೇರಿಗಳಲ್ಲಿ ಬೆಳಿಗ್ಗೆ ಆರು ಗಂಟೆಗೆ ತೆರೆಯುವ ಕೇಂದ್ರಗಳು ಬರಲಿ. ಅದಕ್ಕೆ ಬೇರೆ ಕಾರ್ಯಕರ್ತೆಯೂ ಬೇರೆ ಸಂಬಳವೂ ಇರಲಿ.

ಕಾಲೇಜುಗಳ ಅಧ್ಯಾಪಕ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬಹುದಾದ ಕಾರ್ಯವೊಂದಿದೆ. ತಮ್ಮ ವಾರ್ಡಿನಲ್ಲಿ ಅಂಗನವಾಡಿಗಳು ಎಷ್ಟಿವೆ, ಯಾವ ಕಟ್ಟಡದಲ್ಲಿವೆ, ಯಾವ ಹೊತ್ತಿಗೆ ತೆರೆಯುತ್ತವೆ, ಆ ವಾರ್ಡಿನ ತಾಯಂದಿರು ಯಾವ ಹೊತ್ತಿಗೆ ದುಡಿಯಲು ಹೊರಡುತ್ತಾರೆ ಎಂಬ ನಾಲ್ಕು ವಿಷಯಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡರೆ ಸಾಕು. ಕೊನೆಯ ಎರಡು ಅಂಕಿಗಳ ನಡುವಣ ಅಂತರವೇ ನಮ್ಮ ಆಡಳಿತವು ಇನ್ನೂ ಕ್ರಮಿಸಬೇಕಾದ ದೂರ. ಸಂಶೋಧನಾಲಯದ ಗೋಡೆಯೊಳಗೆ ಮಗುವಿನ ಆಹಾರವು ಸಿದ್ಧವಾಗಿ ದಶಕಗಳಾದವು. ಆ ಗೋಡೆಯ ಹೊರಗಿನ ರಸ್ತೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ನಡೆದುಬರುವ ತಾಯಿಯ ಕೂಸಿಗೆ ಒಂದು ಮನೆ ಸಿದ್ಧವಾಗುವುದು ಇನ್ನು ಉಳಿದಿರುವ ಕೆಲಸ.